ನಾನು ಕಟ್ಟಿದ ಗಾಲಿ ತಾನಾಗಿ ಸೊಟ್ಟಾಗುವುದಿಲ್ಲ

ಸೈಕಲ್ ಗಾಲಿ ಸೊಟ್ಟಾಯಿತೆಂದು ನನ್ನ ಹತ್ತಿರ ಬರುವವರಲ್ಲಿ "ನಾನು ಹೀಗೆ ಮಾಡಿದೆ, ಅದಕ್ಕೇ ಸೊಟ್ಟಾಯಿತು" ಎಂದವರು ಇದುವರೆಗೆ ಒಬ್ಬರೂ ಇಲ್ಲ. ಎಲ್ಲರ ಗಾಲಿಯೂ ತಾನಾಗಿಯೇ ಸೊಟ್ಟಾಗಿರುತ್ತದೆ. ಬಾಗಿಲ ಹಿಂದೆ ನಿಲ್ಲಿಸಿದಾಗ ನೆಟ್ಟಗಿತ್ತಂತೆ, ಹೊರಗೆ ತೆಗೆದರೆ ಸೊಟ್ಟ. ವಾರಕ್ಕೊಬ್ಬರಾದರೂ ಹೀಗೆ ಬಂದು ನನ್ನ ತಲೆ ಕೆಡಿಸದೆ ಹೋಗುವುದಿಲ್ಲ.

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಮೊದಲ ದರ್ಜೆಯಲ್ಲಿ ಬಿ.ಎಸ್ಸಿ. ಪಾಸಾದವಳು. ಮದುವೆಯಾಗಿ ಪುಣೆಗೆ ಬಂದಾಗ ಸದಾಶಿವ ಪೇಠದಲ್ಲಿ ಮಾವನವರ ಸೈಕಲ್ ಅಂಗಡಿ ಇತ್ತು. ಕೈಯಿಂದ ಗಾಲಿ ಕಟ್ಟುವುದನ್ನು ಅವರು ತಮ್ಮ ಇಬ್ಬರು ಗಂಡುಮಕ್ಕಳಿಗೂ ಕಲಿಸಲು ನೋಡಿ, ಸೋತು, ಕೊನೆಗೆ ಸೊಸೆಗೆ ಕಲಿಸಿದರು. ನಮ್ಮ ಮನೆಯವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾದರು, ಉಳಿದ ಹೊತ್ತಿನಲ್ಲಿ ಹಾಡಿದರು. ಮೈದುನ ಅಂಗಡಿಯ ಮುಂಭಾಗದಲ್ಲಿ ಮಕ್ಕಳ ಸೈಕಲ್ ಮಾರುತ್ತಾನೆ. ಹಿಂಭಾಗ ನನ್ನದು: ಒಂದು ಸ್ಟೂಲು, ಗಾಲಿ ಕೂರಿಸುವ ಸ್ಟ್ಯಾಂಡು, ಸ್ಪೋಕಿನ ಬಿಗಿ ನೋಡುವ ಮೀಟರು, ಕಟ್ಟಿದ ಗಾಲಿ ನೇತುಹಾಕಲು ಗೋಡೆಯ ತುಂಬ ಕೊಕ್ಕೆ. ಜೊತೆಗೆ ನನ್ನ ವಹಿ.

ಮೂವತ್ತು ವರ್ಷಗಳಲ್ಲಿ ನಾನು ಕಟ್ಟಿದ ಪ್ರತಿ ಗಾಲಿಯೂ ಆ ವಹಿಯಲ್ಲಿದೆ. ಎಷ್ಟು ಸ್ಪೋಕು, ಬಲಗಡೆ ಎಷ್ಟು ಬಿಗಿ, ಎಡಗಡೆ ಎಷ್ಟು, ಕಟ್ಟಿ ಮುಗಿಸಿದ್ದು ಎಂದು, ಒಯ್ದದ್ದು ಎಂದು, ವಾಪಸ್ ಬಂದರೆ ಯಾಕೆ ಬಂತು. ಗೆರೆ ಹಾಕಿದ ಸಾಲಿನ ಕೊನೆಯ ಮನೆಗೆ 'ಯಾರ ತಪ್ಪು' ಎಂದು ಹೆಸರು.

ಈ ವರ್ಷ ಯುಗಾದಿ ಪಾಡ್ಯದ ದಿನ ಮೈದುನ ನನ್ನ ಗೋಡೆಯ ಮುಂದೆ ಬಂದು ನಿಂತ. ಅವನಿಗೆ ಅಲ್ಲಿ ಬ್ಯಾಟರಿ ಸೈಕಲ್ ನಿಲ್ಲಿಸಬೇಕಂತೆ.

"ಕೈಲೆ ಕಟ್ಟಿದ ಗಾಲಿ ಈಗ ಯಾರಿಗೆ ಬೇಕ್ರಿ ವೈನಿ? ಮಷಿನ್ ಮ್ಯಾಲೆ ಮಾಡಿದ್ದು ರೆಡಿ ಬರ್ತಾವ. ನಿಮ್ಮವು ನೋಡಿದ್ರ ದಿನಾ ಒಂದು ಸೊಟ್ಟ ಆಗಿ ವಾಪಸ್ ಬರ್ತಾವ."

"ನಾ ಕಟ್ಟಿದ ಗಾಲಿ ತಾನ ಸೊಟ್ಟ ಆಗೂದಿಲ್ಲ. ಮಂದಿ ಸೊಟ್ಟ ಮಾಡ್ತಾರ" ಎಂದೆ.

ಮಾತು ಬೆಳೆದು ಒಂದು ಕರಾರಾಯಿತು. ಪಾಡ್ಯದಿಂದ ದೀಪಾವಳಿಯವರೆಗೆ, ನಮ್ಮ ಅಂಗಡಿಯ ತಪ್ಪಿನಿಂದ ಒಂದೇ ಒಂದು ಗಾಲಿ ಸೊಟ್ಟಾಗಿ ವಾಪಸ್ ಬಂದರೂ ನಾನು ಕೊಕ್ಕೆ ಕಿತ್ತು ಗೋಡೆ ಅವನಿಗೆ ಬಿಡಬೇಕು. ಬರದಿದ್ದರೆ ಅವನು ಗೋಡೆಯ ಹೆಸರು ಎತ್ತಬಾರದು. ಅವನು ಒಂದು ಕ್ಷಣವೂ ಯೋಚಿಸದೆ ಒಪ್ಪಿಕೊಂಡ. ಸಿಟ್ಟು ಬಂದದ್ದು ಅದಕ್ಕೆ.

ಶಾವಿಗೆ

ಮೊದಲ ಗಾಲಿ ಊರಾಚೆಯ ನಿಗಡಿ ಬಡಾವಣೆಯಿಂದ ಬಂತು. ವಿಜಯಪುರ ಕಡೆಯ ಕಿರಾಣಿ ವ್ಯಾಪಾರಿ, ಸಕ್ಕರೆ ಕಾಯಿಲೆಗೆ ಡಾಕ್ಟರು ಸೈಕಲ್ ಹೊಡೆಯಲು ಹೇಳಿದ್ದರು. ಗಾಲಿ ತಿರುಗಿಸಿದರೆ ಹಾವಿನ ಹಾಗೆ ಓಲಾಡುತ್ತಿತ್ತು.

"ಏನ್ ಮಾಡೀರಿ ಇದಕ್ಕ?"

"ಏನೂ ಇಲ್ಲರೀ ಅಕ್ಕಾರ. ಎರಡು ತಿಂಗಳಾತು, ಮುಟ್ಟೇ ಇಲ್ಲ."

ಅದು ನಿಜವಿರಬಹುದು ಎನ್ನಿಸುವಂತೆಯೇ ಇತ್ತು ಅವರ ಹೊಟ್ಟೆ. ಮೈದುನ ಮುಂದಿನಿಂದ ಕತ್ತು ಉದ್ದ ಮಾಡಿ, "ಮುಟ್ಟದನ ಸೊಟ್ಟ ಆತಂತ ನೋಡ್ರಿ ವೈನಿ" ಎಂದ. ನಾನು ಸ್ಪೋಕು ಎಣಿಸಿದೆ. ಮೂವತ್ತಾರು ಇರಬೇಕಾದಲ್ಲಿ ಮೂವತ್ತೆರಡು ಇದ್ದವು. ಸ್ಪೋಕುಗಳು ಒಂದರ ಮೇಲೊಂದು ಹಾಯುವ ಜಾಗದಲ್ಲಿ ಏನೋ ಬೆಳ್ಳಗೆ ಒಣಗಿ ಅಂಟಿತ್ತು. ಉಗುರಿನಿಂದ ಕೆರೆದು ನೋಡಿದೆ. ಗೋಧಿ ಹಿಟ್ಟು.

ಆ ಮನುಷ್ಯ ಮನೆಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಅತ್ತ ಅವರ ಹೆಂಡತಿ.

"ಹೌದ್ರಿ, ಬೇಸಿಗ್ಯಾಗ ಶಾವಿಗಿ ಹೊಸದ್ವಿ. ಫ್ಲಾಟಿನ್ಯಾಗ ಕೋಲು ಕಟ್ಟಾಕ ಜಾಗಾ ಎಲ್ಲದರೀ? ಗಾಲಿ ಬಿಚ್ಚಿ ಬಾಲ್ಕನಿ ಕೊಕ್ಕಿಗೆ ಅಡ್ಡಾ ತೂಗಬಿಟ್ವಿ. ಭಾಳ ಚಲೋ ಒಣಗಿದ್ವು."

"ನಾಲ್ಕು ಸ್ಪೋಕ್ ಎಲ್ಲಿ ಹೋದ್ವು?"

"ಅವು ಒಂದರ ಮ್ಯಾಲೊಂದು ಹಾಯ್ದಿದ್ವು ನೋಡ್ರಿ, ಅಲ್ಲಿ ಶಾವಿಗಿ ಅಂಟ್ಕೋತಿದ್ವು. ಅಡ್ಡ ಬಂದವನ್ನ ತಗದ್ವಿ. ಇನ್ನೂ ಮೂವತ್ತರ ಮ್ಯಾಲೆ ಅದಾವಲ್ರಿ, ಅಷ್ಟ ಯಾಕ ಬೇಕ ಒಂದು ಗಾಲಿಗೆ?"

ನಾನು ಐದು ನಿಮಿಷ ಮಾತಾಡಿದೆ. ಒಂದು ಸ್ಪೋಕು ತೆಗೆದರೆ ಎದುರು ಬದಿಯದು ರಿಮ್ಮನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ ಎಂದೆ, ಇದು ಗಾಲಿ, ಸಂಡಿಗೆ ಹಂದರವಲ್ಲ ಎಂದೆ. ಆಕೆ ಎಲ್ಲ ಸಮಾಧಾನದಿಂದ ಕೇಳಿ, "ನಿಮಗೂ ಒಂದು ಡಬ್ಬಿ ಕಳಸ್ತೀನಿ ತಗೋರಿ" ಎಂದರು. ಕಳಿಸಿಯೂ ಬಿಟ್ಟರು. ವಹಿಯಲ್ಲಿ 'ಯಾರ ತಪ್ಪು: ಗಿರಾಕಿ' ಎಂದು ಬರೆದೆ. ಸಾಕ್ಷಿಯನ್ನು ಮೈದುನ ಹಾಲು ಬೆಲ್ಲ ಹಾಕಿಸಿಕೊಂಡು ಎರಡು ಬಟ್ಟಲು ಉಂಡ.

ಬಿಗಿ ಇದ್ದಷ್ಟೂ ಗಟ್ಟಿ

ಮಗರಪಟ್ಟಾದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಹುಡುಗ, ಬೆಂಗಳೂರಿನವನು. ಹೊಸ ಗಾಲಿ ಒಯ್ಯುವಾಗ ಅವನಿಗೆ ಎಲ್ಲರಿಗೂ ಹೇಳುವುದನ್ನೇ ಹೇಳಿದ್ದೆ: ಇನ್ನೂರು ಕಿಲೋಮೀಟರ್ ಓಡಿದ ಮೇಲೆ ತಾ, ಸ್ಪೋಕುಗಳು ಕೂತಿರುತ್ತವೆ, ಒಮ್ಮೆ ನೋಡಿ ಸರಿ ಮಾಡಿ ಕೊಡುತ್ತೇನೆ. ನನ್ನ ಹತ್ತಿರ ಇನ್ನೂರಕ್ಕೆ ಬಂದವರನ್ನು ನಾನು ಇನ್ನೂ ನೋಡಬೇಕು. ಇವನು ಎರಡು ಸಾವಿರಕ್ಕೆ ಬಂದ. ರಿಮ್ಮು ಬಿಸಿಲಿಗೆ ಇಟ್ಟ ಹಪ್ಪಳದ ಹಾಗಾಗಿತ್ತು.

"ಆಂಟಿ, ನಾನು ತುಂಬಾ ಕೇರ್ ತಗೊಂಡಿದೀನಿ. ಎವ್ರಿ ಸಂಡೇ ಎಲ್ಲಾ ಸ್ಪೋಕ್ಸ್ ಕಾಲು ಸುತ್ತು ಟೈಟ್ ಮಾಡ್ತಾ ಇದ್ದೆ."

"ಯಾಕ?"

"ಟೈಟ್ ಇದ್ರೆ ಸ್ಟ್ರಾಂಗ್ ಅಲ್ವಾ? ಒಂದು ವಿಡಿಯೋದಲ್ಲಿ ನೋಡಿದೆ."

"ಎಷ್ಟು ಭಾನುವಾರ?"

ಅವನು ಬೆರಳು ಮಡಿಚಿದ. ಹದಿನಾಲ್ಕು.

ಮೀಟರ್ ಹಿಡಿದರೆ ಮುಳ್ಳು ಕೊನೆಗೆ ಹೋಗಿ ಕೂತಿತು. ನನಗೆ ಮೈಯೆಲ್ಲ ಉರಿಯಿತು. ಪ್ರತಿ ಸ್ಪೋಕೂ ರಿಮ್ಮನ್ನು ಒಳಕ್ಕೆ ಎಳೆಯುತ್ತದೆ, ಅದು ತಡೆದುಕೊಳ್ಳಲು ಒಂದು ಮಿತಿ ಇದೆ, ಅದನ್ನು ದಾಟಿದರೆ ಮಣಿಯಲೇಬೇಕು. ಇದನ್ನು ನಾನು ಕಾಗದದ ಮೇಲೆ ಚಿತ್ರ ಬರೆದು, ಬಾಣದ ಗುರುತು ಹಾಕಿ ಹೇಳಿದೆ. ನಡುವೆ, "ನಿನ್ನ ಶರ್ಟಿನ ಗುಂಡಿ ಭಾನುವಾರಕ್ಕೊಂದು ಬಿಗಿ ಮಾಡ್ತೀ ಏನು?" ಎಂದೂ ಕೇಳಿದೆ. ಅವನು ಗಂಭೀರವಾಗಿ ಚಿತ್ರದ ಫೋಟೋ ತೆಗೆದುಕೊಂಡ. ತಪ್ಪು ಗಿರಾಕಿಯದೇ ಎಂದು ಮೈದುನನೂ ಒಪ್ಪಿದ.

ಮರುದಿನ ಮೈದುನ ನಗುತ್ತ ಫೋನ್ ತಂದು ತೋರಿಸಿದ. ಹುಡುಗ ನಮ್ಮ ಅಂಗಡಿಯ ಬಗ್ಗೆ ಬರೆದಿದ್ದ: ಗಾಲಿಗೆ ಐದು ನಕ್ಷತ್ರ, ಫಿಸಿಕ್ಸಿಗೆ ಐದು ನಕ್ಷತ್ರ, ಆಂಟಿಗೆ ಒಂದು.

ಮೂವತ್ತು ವರ್ಷದ ಅಭ್ಯಾಸ

ಇದು ನಮ್ಮ ಓಣಿಯ ನಿವೃತ್ತ ಸಂಸ್ಕೃತ ಮಾಸ್ತರರ ಗಾಲಿ. ಅಪ್ಪಟ ಪುಣೆಯವರು, ಮರಾಠಿಯಲ್ಲಿ 'ನಮಸ್ಕಾರ' ಎಂದರೂ ಅದು ತಕರಾರಿನ ಹಾಗೆ ಕೇಳಿಸುತ್ತದೆ. ಅವರ ಹಳೆಯ ಸೈಕಲ್ಲಿನ ಮುಂದಿನ ಗಾಲಿಯ ಸ್ಪೋಕುಗಳು ತುಕ್ಕು ಹಿಡಿದಿದ್ದವು. ಹೊಸ ಸ್ಪೋಕು ಹಾಕಿ, ಕೂದಲೆಳೆಯಷ್ಟೂ ಓಲಾಡದ ಹಾಗೆ ಕಟ್ಟಿಕೊಟ್ಟೆ. ಎರಡು ದಿನಕ್ಕೆ ವಾಪಸ್ ಬಂದರು.

"ಕಾಕೂ, ಗಾಲಿ ಸೊಟ್ಟ ಮಾಡಿ ಕೊಟ್ಟಿದ್ದೀರಿ."

ಸ್ಟ್ಯಾಂಡಿಗೆ ಹಾಕಿ ತಿರುಗಿಸಿ ತೋರಿಸಿದೆ. ಗಾಲಿ ತಿರುಗುತ್ತಿದೆಯೋ ನಿಂತಿದೆಯೋ ಗೊತ್ತಾಗದಷ್ಟು ನೇರ.

"ನಿಮ್ಮ ಸ್ಟ್ಯಾಂಡಿನಲ್ಲಿ ನೇರ ಇದ್ದರೆ ನನಗೇನು? ರಸ್ತೆಯಲ್ಲಿ ಸೈಕಲ್ ಎಡಕ್ಕೆ ಹೋಗುತ್ತದೆ."

ಆಗ ತಿಳಿಯಿತು. ಅವರ ಸೊಟ್ಟ ಗಾಲಿ ಮೂವತ್ತು ವರ್ಷದಿಂದ ಬಲಕ್ಕೆ ಎಳೆಯುತ್ತಿತ್ತು. ಅದನ್ನು ಸರಿದೂಗಿಸಲು ಅವರು ಮೂವತ್ತು ವರ್ಷದಿಂದ ಹ್ಯಾಂಡಲ್ಲನ್ನು ಎಡಕ್ಕೆ ಒತ್ತುತ್ತಿದ್ದರು. ನಾನು ಗಾಲಿ ನೇರ ಮಾಡಿದ್ದೆ, ಮಾಸ್ತರರನ್ನು ನೇರ ಮಾಡಿರಲಿಲ್ಲ.

"ನೀವು ಅಭ್ಯಾಸ ಬದಲು ಮಾಡ್ಕೊಳ್ಳಿ" ಎಂದೆ.

"ಈ ವಯಸ್ಸಿನಲ್ಲಿ ನಾನು ಬದಲಾಗಬೇಕೋ, ಗಾಲಿ ಬದಲಾಗಬೇಕೋ?"

ಮೈದುನ ಕಾಯುತ್ತಿದ್ದ. "ಗಿರಾಕಿ ಸಮಾಧಾನ ಇಲ್ಲ, ಗಾಲಿ ವಾಪಸ್ ಬಂದದ. ಇದು ನಮ್ಮ ತಪ್ಪು ಅಂತ ಹಿಡೀಬೇಕಾಗ್ತದ ವೈನಿ."

ನಾನು ಹಲ್ಲು ಕಚ್ಚಿ ಸ್ಪೋಕು ತಿರುಗಿಸುವ ಕೀ ಕೈಗೆ ತೆಗೆದುಕೊಂಡೆ. ಇಷ್ಟು ವರ್ಷ ಎಲ್ಲರ ಗಾಲಿಯ ಸೊಟ್ಟು ತೆಗೆದ ಕೈಯಿಂದ ಆ ನೇರವಾದ ಗಾಲಿಗೆ ಸರಿಯಾಗಿ ಮೂರು ಮಿಲಿಮೀಟರ್ ಸೊಟ್ಟು ಹಾಕಿದೆ. ಮಾಸ್ತರರು ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದು, "ಮೊದಲೇ ಹೀಗೆ ಮಾಡಲು ಏನಾಗಿತ್ತು?" ಎಂದರು. ವಹಿಯಲ್ಲಿ ಬರೆದಿದ್ದೇನೆ: 'ಸೊಟ್ಟು ಮೂರು ಮಿ.ಮೀ., ಗಿರಾಕಿ ಹೇಳಿದ ಅಳತೆಗೆ.'

ನಿಂಬೆಹಣ್ಣು

ದಸರೆಗೆ ಕಾರು, ಸ್ಕೂಟರು ತೊಳೆದು, ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸುತ್ತಾರಲ್ಲ. ಒಬ್ಬ ಬಟ್ಟೆ ವ್ಯಾಪಾರಿ, ಹುಬ್ಬಳ್ಳಿ ಮೂಲದವರು, ಮಗನ ರೇಸಿನ ಸೈಕಲ್ಲಿಗೂ ಹಾಗೆ ಮಾಡಿದರು. ಆ ಸೈಕಲ್ಲಿನ ತೂಕ ಎಂಟು ಕಿಲೋ. ಟೈರು ಎರಡು ಬೆರಳಿನಷ್ಟೂ ಅಗಲವಿಲ್ಲ.

"ನಿಂಬಿಹಣ್ಣು ಒಡೀಲೇ ಇಲ್ಲರೀ ಅಕ್ಕಾರ. ಹಣ್ಣು ಒಡೀದಿದ್ರ ಅಪಶಕುನ ಅಂತ ನಮ್ಮವ್ವ ಹಟಾ ಹಿಡದ್ಲು. ಅದಕ್ಕ ನಾನ ಮ್ಯಾಲೆ ಕೂತೆ."

ಅವರ ತೂಕ ನಾನು ಕೇಳಲಿಲ್ಲ, ಕಣ್ಣಿಗೆ ಕಾಣುತ್ತಿತ್ತು.

"ಆಗ ಒಡೀತೇನು?"

"ಇಲ್ಲರೀ, ಕಾಯಿ ಹಣ್ಣು. ಜಾರತಿತ್ತು. ಅದಕ್ಕ ಅಳಿಯನ್ನ ಹಿಂದ ಕೂಡಿಸಿದೆ."

"ಹಿಂದ ಕೂಡಲಿಕ್ಕೆ ಜಾಗಾ ಎಲ್ಲದ ಆ ಸೈಕಲ್ಲಿಗೆ?"

"ನಿಂತಿದ್ದರೀ. ಗಾಲಿ ಅಚ್ಚಿನ ಮ್ಯಾಲೆ ಕಾಲಿಟ್ಟು, ನನ್ನ ಹೆಗಲ ಹಿಡ್ಕೊಂಡು."

ಹಣ್ಣು ಜಾರಿದೆ, ಗಾಲಿ ಗಟಾರದ ಅಂಚಿಗೆ ಅಡ್ಡ ಬಿದ್ದಿದೆ, ಇಬ್ಬರೂ ಅದರ ಮೇಲೆ ಬಿದ್ದಿದ್ದಾರೆ. ಇಷ್ಟೆಲ್ಲ ಹೇಳಿದ ಮೇಲೂ ಆ ಮನುಷ್ಯ, "ಹಂಗ ನೋಡಿದ್ರ ಗಾಲಿನ ಸ್ವಲ್ಪ ಮೆತ್ತಗ ಇತ್ತೇನೋ" ಎಂದರು. ನನ್ನ ಕೈಯಲ್ಲಿ ಕೀ ಇತ್ತು, ಕೆಳಗಿಟ್ಟೆ. ಹಿಡಿದುಕೊಂಡಿರುವುದು ಸರಿಯಲ್ಲ ಎನ್ನಿಸಿತು.

"ನಿಂಬಿಹಣ್ಣು ಕಡೀಕ ಏನಾತು?" ಎಂದು ಮೈದುನ ಕೇಳಿದ.

"ಅದಕ್ಕೇನೂ ಆಗಲಿಲ್ಲರೀ. ಮಧ್ಯಾಹ್ನ ಸಾರಿಗೆ ಹಿಂಡಿದ್ವಿ."

ಒಂದರಿಂದ ನಾಲ್ಕು

ದೀಪಾವಳಿಗೆ ನಾಲ್ಕು ದಿನ ಉಳಿದಿತ್ತು. ಗೋಡೆ ನನ್ನದೇ ಎಂದು ನಾನು ಕೊಕ್ಕೆಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಆಗ ಮೈಸೂರಿನ ಒಬ್ಬ ಹುಡುಗಿ ಬಂದಳು. ಅವಳದು ಹಿಂದಿನ ಗಾಲಿ, ಒಯ್ದು ಒಂದು ವಾರವಾಗಿತ್ತು. ರಜೆಗೆ ಕೊಲ್ಹಾಪುರದವರೆಗೆ ಸೈಕಲ್ ಮೇಲೆ ಹೊರಟವಳು.

"ಆಂಟಿ, ವೀಲ್ ಎಡಗಡೆ ಫ್ರೇಮಿಗೆ ಉಜ್ಜುತ್ತೆ. ನಾನು ಏನೂ ಮಾಡಿಲ್ಲ, ಪ್ರಾಮಿಸ್."

ಎಲ್ಲರೂ ಹಾಗೇ ಹೇಳುತ್ತಾರೆ ಎಂದುಕೊಂಡು ಸ್ಟ್ಯಾಂಡಿಗೆ ಹಾಕಿದೆ. ಗಾಲಿ ಓಲಾಡುತ್ತಿರಲಿಲ್ಲ. ಆದರೆ ಇಡೀ ರಿಮ್ಮು ಎಡಕ್ಕೆ ಸರಿದು ಕೂತಿತ್ತು. ಮೀಟರ್ ಹಿಡಿದೆ. ಬಲಗಡೆ ಎಷ್ಟು ಬಿಗಿಯೋ ಎಡಗಡೆಯೂ ಅಷ್ಟೇ ಬಿಗಿ.

ಇದು ಆಗಬಾರದು. ಹಿಂದಿನ ಗಾಲಿಯ ಬಲಗಡೆ ಚೈನಿನ ಹಲ್ಲುಗಳಿಗೆ ಜಾಗ ಬಿಡಬೇಕು. ಅದಕ್ಕೆ ಬಲಗಡೆಯ ಸ್ಪೋಕು ಹೆಚ್ಚು ಬಿಗಿ, ಎಡಗಡೆಯವು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆಗ ಮಾತ್ರ ರಿಮ್ಮು ನಡುವೆ ನಿಲ್ಲುತ್ತದೆ. ನಾನು ಹಾಗೇ ಕಟ್ಟಿದ್ದೆ, ವಹಿಯಲ್ಲಿ ಅಂಕಿ ಇತ್ತು. ಎಡಗಡೆಯ ಹದಿನಾರೂ ಸ್ಪೋಕನ್ನು ಯಾರೋ ಕೂತು, ಒಂದೊಂದಾಗಿ, ಬಹಳ ಶ್ರದ್ಧೆಯಿಂದ ಬಿಗಿ ಮಾಡಿದ್ದರು. ಆ ಹುಡುಗಿಗೆ ಪಂಕ್ಚರ್ ಹಾಕಲೂ ಬರುವುದಿಲ್ಲ.

"ನಮ್ಮಲ್ಲೆ ಯಾರೂ ಮುಟ್ಟಂಗಿಲ್ಲಮ್ಮ" ಎಂದು ಮೈದುನ ಅವಳಿಗೆ ಹೇಳಿದ. ನನ್ನ ಕಡೆ ತಿರುಗಿ, "ಹಂಗಾದ್ರ ನೀವ ತಪ್ಪು ಕಟ್ಟೀರಿ ವೈನಿ. ಕರಾರು ಕರಾರು" ಎಂದ. ಅವನ ಕಣ್ಣು ಆಗಲೇ ಗೋಡೆ ಅಳೆಯುತ್ತಿತ್ತು.

ನಾನು ಹುಡುಗಿಗೆ ಸಂಜೆ ಬರಲು ಹೇಳಿ ವಹಿ ತೆಗೆದೆ. ಕಟ್ಟಿ ಮುಗಿಸಿದ್ದು ಸೋಮವಾರ, ಒಯ್ದದ್ದು ಗುರುವಾರ. ನಡುವೆ ಮೂರು ದಿನ ಗಾಲಿ ನಮ್ಮ ಗೋಡೆಯ ಮೇಲೇ ಇತ್ತು. ಯಾರು? ನೇರವಾಗಿ ಮೈದುನನ ಮೇಲೇ ಸಂಶಯ ಬಂತು. ಗೋಡೆಗಾಗಿ ಇಷ್ಟಕ್ಕೂ ಇಳಿದನೇ?

ಪುಣೆಯ ಪೇಠೆಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಬಂದ್. ಅಂದು ನಾನು ಎಂದಿನಂತೆ ಒಂದಕ್ಕೆ ಮನೆಗೆ ಹೋದೆ, ಊಟ ಮಾಡಲಿಲ್ಲ, ಎರಡಕ್ಕೆ ಅಂಗಡಿಯಿರುವ ಹಳೆಯ ವಾಡೆಯ ಹಿಂಬಾಗಿಲಿಗೆ ಬಂದೆ. ಶಟರ್ ಇಳಿದಿತ್ತು. ಒಳಗಿಂದ ಸದ್ದು ಬರುತ್ತಿತ್ತು. ಟಿಂಗ್. ಟಿಂಗ್. ನಡುನಡುವೆ ಧಪ್ ಧಪ್ ಎಂದು ಏನೋ ಬಡಿಯುವುದು.

ಬಾಗಿಲು ತಳ್ಳಿದೆ. ನನ್ನ ಸ್ಟೂಲಿನ ಮೇಲೆ ನಮ್ಮ ಮನೆಯವರು ಕೂತಿದ್ದರು. ನನ್ನ ಸ್ಟ್ಯಾಂಡಿನಲ್ಲಿ ನಾನು ನಿನ್ನೆ ಮುಗಿಸಿದ ಗಾಲಿ. ಅವರ ಕೈಯಲ್ಲಿ ನನ್ನ ಕೀ. ಕಣ್ಣು ಮುಚ್ಚಿ ಸ್ಪೋಕನ್ನು ಬೆರಳಿನಿಂದ ಮೀಟುತ್ತ ಆಲಾಪ ಮಾಡುತ್ತಿದ್ದರು. ಕೆಳಗೆ ಚಾಪೆಯ ಮೇಲೆ ಮೈದುನ, ಸೈಕಲ್ಲಿನ ರಟ್ಟಿನ ಡಬ್ಬಿ ಮುಂದಿಟ್ಟುಕೊಂಡು, ತೀನ್‌ತಾಲ ಬಾರಿಸುತ್ತಿದ್ದ.

ಮನೆಯವರಿಗೆ ನನ್ನನ್ನು ನೋಡಿ ಸಂತೋಷವೇ ಆಯಿತು. "ಬಾ, ಕೇಳಿಲ್ಲೆ. ನಿನ್ನ ಗಾಲಿ ಬೇಸೂರ ಇರ್ತಾವ. ಎಡಗಡೆ ಷಡ್ಜ ಅಂದ್ರ ಬಲಗಡೆ ಮಧ್ಯಮ. ಒಂದ ಗಾಲಿ ಎರಡು ಸ್ವರ ಹಾಡಿದ್ರ ಹ್ಯಾಂಗ? ನಾ ಎರಡೂ ಕೂಡಿಸ್ತೀನಿ."

"ಎಷ್ಟು ದಿನದಿಂದ?"

"ರಿಟೈರ್ ಆದಮ್ಯಾಲೆ. ಹೋದ ತಿಂಗಳಿಂದ. ಮುಂದಿನ ಗಾಲಿ ಬರೋಬ್ಬರಿ ಇರ್ತಾವ, ಹಿಂದಿನವ ನಿನಗ ಸಾಧಿಸಿಲ್ಲ. ನನಗ ಹೇಳಬಾರದೇನು?"

ಮೈದುನನ ಕೈ ಡಬ್ಬಿಯ ಮೇಲೇ ನಿಂತಿತ್ತು. ಅವನಿಗೆ ಈಗಷ್ಟೇ ಹೊಳೆಯುತ್ತಿತ್ತು.

"ನಾನೂ ಎಲ್ಲಾ ಒಂದ ಸಮ ಇದ್ರ ಚಲೋ ಅಂತ ತಿಳಕೊಂಡಿದ್ದೆ ವೈನಿ" ಎಂದ ಮೆಲ್ಲಗೆ.

ಆಮೇಲೆ ನಾನು ಏನೇನು ಅಂದೆ ಎಂಬುದನ್ನು ವಹಿಯಲ್ಲಿ ಬರೆದಿಲ್ಲ. ಶಟರ್ ಇಳಿದಿದ್ದರೂ ಎದುರಿನ ಕೋಚಿಂಗ್ ಕ್ಲಾಸಿನವರು ಕಿಟಕಿಗೆ ಬಂದರಂತೆ. ಕೊನೆಗೆ ವಹಿಯನ್ನು ಮೈದುನನ ಮುಂದಿಟ್ಟು, "ನಮ್ಮ ಅಂಗಡೀದ ತಪ್ಪು, ನಾ ಒಪ್ತೀನಿ. ಕೊಕ್ಕಿ ಈಗ ಕೀಳ್ತೀನಿ. ಆದರ ಯಾರ ತಪ್ಪು ಅನ್ನೂದು ನೀನ ನಿನ್ನ ಕೈಲೆ ಬರಿ" ಎಂದೆ.

ಅವನು ಪೆನ್ನು ಹಿಡಿದ. ಅಣ್ಣನ ಮುಖ ನೋಡಿದ, ಡಬ್ಬಿ ನೋಡಿದ, ಗೋಡೆ ನೋಡಿದ. ಆಮೇಲೆ ಬರೆದ: 'ಹವಾಮಾನ.'

ನಾನು ಅದನ್ನು ಹೊಡೆದುಹಾಕಿ, 'ಗಾಯಕರು ಒಬ್ಬರು, ತಬಲಾ ಸಾಥಿ ಒಬ್ಬರು' ಎಂದು ಬರೆದು ಇಬ್ಬರ ಸಹಿಯನ್ನೂ ತೆಗೆದುಕೊಂಡೆ. ಸಹಿ ಹಾಕುತ್ತ ಮೈದುನ, "ಗೋಡೆ ಇರಲಿ ಬಿಡ್ರಿ ವೈನಿ, ಬ್ಯಾಟರಿ ಸೈಕಲ್ ಹೊರಗ ನಿಲ್ಲಸ್ತೀನಿ" ಎಂದ.

ಸಂಜೆಗೆ ಹುಡುಗಿಯ ಗಾಲಿ ಸರಿ ಮಾಡಿ ಕೊಟ್ಟೆ. ಅವಳು ಕೊಲ್ಹಾಪುರ ಮುಟ್ಟಿ ಫೋಟೋ ಕಳಿಸಿದಳು. ಸ್ವರ ಕೂಡಿಸಿದ ಇನ್ನೂ ಹನ್ನೊಂದು ಹಿಂದಿನ ಗಾಲಿಗಳು ಊರಲ್ಲಿ ಓಡಾಡುತ್ತಿದ್ದವು. ವಹಿ ನೋಡಿ ಒಬ್ಬೊಬ್ಬರಿಗೂ ಫೋನ್ ಮಾಡಿ, ಕಾರಣ ಹೇಳದೆ ವಾಪಸ್ ಕರೆಸಿದೆ. ಶಿಕ್ಷೆಯಾಗಿ ನಮ್ಮ ಮನೆಯವರನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಅವರು ಮೀಟಿ ಹೇಳಬೇಕು, ನಾನು ಮೀಟರ್ ಹಿಡಿದು ನೋಡಬೇಕು. "ಇದು ಎಳಿಯಷ್ಟು ಇಳದದ" ಎಂದರೆ ಇಳಿದಿರುತ್ತಿತ್ತು. "ಇದು ಏರೇದ" ಎಂದರೆ ಏರಿರುತ್ತಿತ್ತು. ಹತ್ತು ಗಾಲಿ ಹೀಗೇ ನಡೆಯಿತು, ನನ್ನ ಸಿಟ್ಟು ಒಂದೊಂದು ಗಾಲಿಗೂ ಏರುತ್ತಿತ್ತು. ಹನ್ನೊಂದನೆಯದಕ್ಕೆ ಅವರಿಗೂ ಮೀಟರಿಗೂ ಹೊಂದಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

"ನಿನ್ನ ಮೀಟರ್ ಬೇಸೂರ ಆಗೇದ" ಎಂದರು.

ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, ಅವರು ಸ್ನಾನಕ್ಕೆ ಹೋದಾಗ, ಅಟ್ಟದ ತೊಲೆಗೆ ಒಂದು ಸ್ಪೋಕು ಸಿಕ್ಕಿಸಿ, ಅದರ ತುದಿಗೆ ಐವತ್ತು ಕಿಲೋ ಜೋಳದ ಚೀಲ ಮೈದುನನ ಕೈಯಿಂದ ನೇತುಹಾಕಿಸಿ, ಸ್ಪೋಕಿಗೆ ಮೀಟರ್ ಹಿಡಿದೆ. ಐವತ್ತು ತೋರಿಸಬೇಕಾದದ್ದು ಐವತ್ತನಾಲ್ಕು ತೋರಿಸಿತು. ಒಳಗಿನ ಸ್ಪ್ರಿಂಗ್ ಸಡಿಲಾಗಿತ್ತು. ಚೀಲದ ಪಕ್ಕ ನಿಂತ ಮೈದುನ ನನ್ನ ಮುಖ ನೋಡಿ, ಜೋಳ ಇಳಿಸಿ ಹೊರಟುಹೋದ.

ಮೀಟರ್ ರಿಪೇರಿಗೆ ಕೊಟ್ಟ ತಾರೀಖು ವಹಿಯಲ್ಲಿ ಇದೆ. ಮುಂದಿನ ಮನೆಯಲ್ಲಿ, ಅದು ಹಾಳಾದದ್ದನ್ನು ಕಂಡುಹಿಡಿದವರು ಯಾರು ಎಂದು ಬರೆಯಬೇಕು. ಮೂವತ್ತು ವರ್ಷದಲ್ಲಿ ನಾನು ಖಾಲಿ ಬಿಟ್ಟ ಮನೆ ಅದೊಂದೇ. ದಿನಕ್ಕೊಮ್ಮೆ ನಮ್ಮವರು ಆ ಪುಟ ತೆರೆದು ನೋಡಿ, ಸಣ್ಣಗೆ ಗುನುಗುತ್ತ ಮುಚ್ಚಿಡುತ್ತಾರೆ.